ಒಂದೇ ದತ್ತಾಂಶ, ಎರಡು ಉತ್ತರ: ಸಂಖ್ಯಾಶಾಸ್ತ್ರದ ಲೈಬ್ರರಿ ಬಳಸುವಾಗ ನೋಡಬೇಕಾದದ್ದು

12, 15, 11, 18, 14. ಈ ಐದು ಸಂಖ್ಯೆಗಳ ಪ್ರಮಾಣಿತ ವಿಚಲನೆ (ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಎಷ್ಟು ಎಂದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ನಂಪೈ ಲೈಬ್ರರಿಯನ್ನು (ಸಿದ್ಧ ಫಂಕ್ಷನ್‌ಗಳ ಸಂಗ್ರಹವನ್ನು) ಕೇಳಿದರೆ 2.449 ಎನ್ನುತ್ತದೆ. ಅವೇ ಸಂಖ್ಯೆಗಳನ್ನು ಪಾಂಡಾಸ್ ಎಂಬ ಇನ್ನೊಂದು ಲೈಬ್ರರಿಯ ಸೀರೀಸ್‌ಗೆ (ಒಂದು ಕಾಲಂಗೆ) ತುಂಬಿ ಕೇಳಿದರೆ 2.739 ಬರುತ್ತದೆ. ಎರಡೂ ಕಡೆ ಕರೆದ ಫಂಕ್ಷನ್‌ನ ಹೆಸರು ಒಂದೇ, ‘ಎಸ್‌ಟಿಡಿ’. ಎರಡರಲ್ಲಿ ಯಾವುದೂ ತಪ್ಪಲ್ಲ.

ಲೆಕ್ಕವನ್ನು ಕೈಯಲ್ಲೇ ಮಾಡಿ ನೋಡಬಹುದು. ಸರಾಸರಿ 14. ಪ್ರತಿ ಸಂಖ್ಯೆ ಅದರಿಂದ ಎಷ್ಟು ದೂರವಿದೆ ಎಂಬುದನ್ನು ವರ್ಗ ಮಾಡಿ ಕೂಡಿದರೆ 4 + 1 + 9 + 16 + 0, ಒಟ್ಟು 30. ಇದನ್ನು 5ರಿಂದ ಭಾಗಿಸಿದರೆ 6, ಅದರ ವರ್ಗಮೂಲ 2.449. 4ರಿಂದ ಭಾಗಿಸಿದರೆ 7.5, ಅದರ ವರ್ಗಮೂಲ 2.739. ಕೈಯಲ್ಲಿರುವ ಐದೇ ಇಡೀ ಸಮೂಹ ಎಂದಾದರೆ ಮೊದಲನೆಯದು ಸರಿ. ದೊಡ್ಡ ಸಮೂಹದಿಂದ ಎತ್ತಿಕೊಂಡ ಸ್ಯಾಂಪಲ್ ಎಂದಾದರೆ ಎರಡನೆಯದು. ಸ್ಯಾಂಪಲ್‌ನ ಸರಾಸರಿ ಯಾವಾಗಲೂ ಆ ಸ್ಯಾಂಪಲ್‌ನ ನಟ್ಟನಡುವೆಯೇ ಕೂರುವುದರಿಂದ, ಅದರಿಂದ ಅಳೆದ ದೂರಗಳು ನಿಜವಾದ ಸರಾಸರಿಯಿಂದ ಅಳೆದ ದೂರಗಳಿಗಿಂತ ಕಡಿಮೆಯೇ ಬರುತ್ತವೆ. ಒಂದನ್ನು ಕಳೆದು ಭಾಗಿಸುವುದು ಆ ಕೊರತೆಯನ್ನು ತುಂಬಲಿಕ್ಕೆ.

ಎಷ್ಟನ್ನು ಕಳೆದು ಭಾಗಿಸಬೇಕೆಂಬ ಈ ಆಯ್ಕೆಗೆ ಲೈಬ್ರರಿಗಳಲ್ಲಿ ಹೆಸರು ‘ಡಿಡಿಓಎಫ್’. ನಂಪೈಯಲ್ಲಿ ಅದರ ಡಿಫಾಲ್ಟ್ ಬೆಲೆ (ನಾವು ಏನೂ ಹೇಳದಿದ್ದರೆ ಬಳಸುವ ಬೆಲೆ) 0, ಪಾಂಡಾಸ್‌ನಲ್ಲಿ 1. ಸೈಪೈ ಎಂಬ ಮತ್ತೊಂದು ಲೈಬ್ರರಿಯ ‘ಝೆಡ್‌ಸ್ಕೋರ್’ 0 ಬಳಸುತ್ತದೆ, ಅದೇ ಸೈಪೈಯ ‘ಎಸ್‌ಇಎಂ’ 1 ಬಳಸುತ್ತದೆ. ಸಂಖ್ಯಾಶಾಸ್ತ್ರಕ್ಕೆಂದೇ ಇರುವ ಆರ್ ಭಾಷೆಯ ‘ಎಸ್‌ಡಿ’ ಸದಾ ಒಂದನ್ನು ಕಳೆದೇ ಭಾಗಿಸುತ್ತದೆ. ಸಾವಿರ ಸಂಖ್ಯೆಗಳಿದ್ದರೆ ವ್ಯತ್ಯಾಸ ಶೇ. 0.05ರಷ್ಟು, ಯಾರ ಕಣ್ಣಿಗೂ ಬೀಳುವುದಿಲ್ಲ. ಐದೇ ಇದ್ದರೆ ಸುಮಾರು ಶೇ. 12.

ಇಷ್ಟು ಸಣ್ಣ ಸಂಗತಿಯಿಂದ ಆರಂಭಿಸಲು ಕಾರಣವಿದೆ. ಸಂಖ್ಯಾಶಾಸ್ತ್ರದ ಲೈಬ್ರರಿಯಲ್ಲಿ ಡಿಫಾಲ್ಟ್ ಎಂದರೆ ಬರೀ ಅನುಕೂಲವಲ್ಲ, ದತ್ತಾಂಶದ ಬಗ್ಗೆ ನಿಮ್ಮ ಪರವಾಗಿ ಯಾರೋ ತೆಗೆದುಕೊಂಡ ತೀರ್ಮಾನ. ಸಾಮಾನ್ಯ ಪ್ರೋಗ್ರಾಮಿಂಗ್‌ನಲ್ಲಿ ತಪ್ಪು ಆಯ್ಕೆ ಮಾಡಿದರೆ ಎರರ್ ಬರುತ್ತದೆ, ಇಲ್ಲವೇ ಪರದೆಯ ಮೇಲೆ ಏನೋ ಕೆಟ್ಟು ಕಾಣುತ್ತದೆ. ಇಲ್ಲಿ ಹಾಗಲ್ಲ. ನಾಲ್ಕು ದಶಾಂಶದವರೆಗೆ ಅಚ್ಚುಕಟ್ಟಾದ ಒಂದು ಸಂಖ್ಯೆ ಬರುತ್ತದೆ, ಅದು ನೀವು ಕೇಳದೇ ಇದ್ದ ಪ್ರಶ್ನೆಗೆ ಸರಿಯಾದ ಉತ್ತರವಾಗಿರುತ್ತದೆ.

ಪೈಥಾನ್‌ನಲ್ಲಿ ಕೆಲಸ ಹಂಚಿಹೋಗಿರುವ ಬಗೆ ಹೀಗೆ: ನಂಪೈ ಸಂಖ್ಯೆಗಳ ಸಾಲುಗಳಿಗೆ, ಪಾಂಡಾಸ್ ಹೆಸರಿರುವ ಕಾಲಂಗಳ ಕೋಷ್ಟಕಕ್ಕೆ, ಸೈಪೈಯ ‘ಸ್ಟ್ಯಾಟ್ಸ್’ ವಿಭಾಗ ಪರೀಕ್ಷೆಗಳಿಗೆ ಮತ್ತು ಸಂಭವನೀಯತೆಯ ವಿತರಣೆಗಳಿಗೆ, ಸ್ಟ್ಯಾಟ್ಸ್‌ಮಾಡೆಲ್ಸ್ ರಿಗ್ರೆಷನ್‌ನಂಥ (ಒಂದು ಅಂಶ ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂದು ಅಂದಾಜಿಸುವ) ಮಾದರಿಗಳಿಗೆ. ಸೈಕಿಟ್-ಲರ್ನ್ ಕೂಡ ರಿಗ್ರೆಷನ್ ಮಾಡುತ್ತದೆ, ಆದರೆ ಅದರ ಗಮನ ಮುನ್ಸೂಚನೆಯ ಮೇಲೆ. ಪಿ-ಮೌಲ್ಯ (ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ದೊಡ್ಡ ಫಲಿತಾಂಶ ಆಕಸ್ಮಿಕವಾಗಿ ಬರುವ ಸಾಧ್ಯತೆ) ಮತ್ತು ಸ್ಟ್ಯಾಂಡರ್ಡ್ ಎರರ್ (ಅಂದಾಜಿನ ಅನಿಶ್ಚಿತತೆಯ ಅಳತೆ), ಇವೆರಡನ್ನೂ ಅದರ ರಿಗ್ರೆಷನ್ ಮಾದರಿಗಳು ಕೊಡುವುದಿಲ್ಲ. ಯಾವ ಅಂಶ ಎಷ್ಟು ಪ್ರಭಾವ ಬೀರುತ್ತದೆ, ಆ ಅಂದಾಜು ಎಷ್ಟು ಗಟ್ಟಿ ಎಂದು ತಿಳಿಯಬೇಕಾದರೆ ಸ್ಟ್ಯಾಟ್ಸ್‌ಮಾಡೆಲ್ಸ್‌ಗೇ ಹೋಗಬೇಕು.

ಖಾಲಿ ಬಿಟ್ಟ ಮನೆಗಳು

ಹೆಚ್ಚಿನ ತಪ್ಪುಗಳು ಪರೀಕ್ಷೆಯ ಆಯ್ಕೆಗೂ ಮೊದಲೇ, ಫೈಲ್ ಓದುವ ಸಾಲಿನಲ್ಲೇ ನಡೆದುಹೋಗಿರುತ್ತವೆ.

ಅಳತೆ ಸಿಗದಿದ್ದಾಗ ಖಾಲಿ ಬಿಡುವ ಬದಲು -999 ಎಂದು ಬರೆಯುವ ಉಪಕರಣಗಳಿವೆ. ನೂರು ಅಳತೆಗಳಲ್ಲಿ 99 ಅಳತೆಗಳು 25 ಇದ್ದು ಒಂದು -999 ಆಗಿದ್ದರೆ ಸರಾಸರಿ 14.76ಕ್ಕೆ ಇಳಿಯುತ್ತದೆ. ಇಂಥ ಸಂಕೇತಗಳನ್ನು ಓದುವಾಗಲೇ ‘ಎನ್‌ಎ-ವ್ಯಾಲ್ಯೂಸ್’ ಎಂಬ ಆಯ್ಕೆಯಲ್ಲಿ ತಿಳಿಸಬೇಕು. ತದ್ವಿರುದ್ಧ ಅಪಾಯವೂ ಇದೆ: ಪಾಂಡಾಸ್ ಸಿಎಸ್‌ವಿ (ಬೆಲೆಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ) ಫೈಲ್ ಓದುವಾಗ ‘ಎನ್‌ಎ’ ಎಂಬ ಎರಡಕ್ಷರವನ್ನು ಕಂಡರೆ ಅದು ಖಾಲಿ ಮನೆ ಎಂದೇ ತಿಳಿಯುತ್ತದೆ. ನಮೀಬಿಯಾದ ಅಂತರರಾಷ್ಟ್ರೀಯ ದೇಶಸಂಕೇತವೂ ಅದೇ ಎರಡಕ್ಷರ. ದೇಶವಾರು ಕೋಷ್ಟಕದಲ್ಲಿ ಒಂದು ದೇಶ ಸದ್ದಿಲ್ಲದೆ ಮಾಯವಾಗುವುದು ಹೀಗೆ. ‘ಕೀಪ್-ಡಿಫಾಲ್ಟ್-ಎನ್‌ಎ’ ಆಯ್ಕೆಯನ್ನು ಫಾಲ್ಸ್ ಮಾಡಿ, ಖಾಲಿ ಎನ್ನುವುದಕ್ಕೆ ಯಾವ ಗುರುತು ಎಂಬುದನ್ನು ನಾವೇ ಹೇಳುವುದು ಸುರಕ್ಷಿತ.

ಸಂಖ್ಯೆಗಳ ಕಾಲಂನಲ್ಲಿ ಒಂದೇ ಒಂದು ಅಡ್ಡಗೆರೆ ಅಥವಾ ಅಕ್ಷರ ನುಸುಳಿದ್ದರೂ ಇಡೀ ಕಾಲಂ ಪಠ್ಯವಾಗಿ ಓದಲ್ಪಡುತ್ತದೆ. ಆಗ ‘ಟು-ನ್ಯೂಮೆರಿಕ್’ ಫಂಕ್ಷನ್‌ಗೆ ‘ಕೋಅರ್ಸ್’ ಎಂದು ಹೇಳಿ ಬಲವಂತವಾಗಿ ಸಂಖ್ಯೆಯಾಗಿಸುವುದು ರೂಢಿ. ಅದು ಅರ್ಥವಾಗದ್ದನ್ನೆಲ್ಲ ಖಾಲಿ ಮಾಡಿ ಮುಂದೆ ಹೋಗುತ್ತದೆ. ಆದ್ದರಿಂದ ಆ ಸಾಲಿನ ಹಿಂದೆ ಒಮ್ಮೆ, ಮುಂದೆ ಒಮ್ಮೆ ಖಾಲಿ ಮನೆಗಳನ್ನು ಎಣಿಸಿ. ಮೂರು ಹೆಚ್ಚಿದ್ದರೆ ಸರಿ, ಮೂರು ಸಾವಿರ ಹೆಚ್ಚಿದ್ದರೆ ಕಾಲಂನ ದಶಾಂಶ ಚಿಹ್ನೆಯಲ್ಲೋ ಅಲ್ಪವಿರಾಮದಲ್ಲೋ ಏನೋ ಬೇರೆ ಇದೆ ಎಂದರ್ಥ.

ಖಾಲಿ ಮನೆಗಳ ಎದುರು ಒಂದೊಂದು ಲೈಬ್ರರಿಯ ಸ್ವಭಾವ ಒಂದೊಂದು ಬಗೆ. ನಂಪೈಯ ‘ಮೀನ್’ ಒಂದು ಖಾಲಿ ಮನೆ ಕಂಡರೂ ಉತ್ತರವನ್ನೇ ‘ನ್ಯಾನ್’ (ಸಂಖ್ಯೆಯಲ್ಲ) ಎಂದುಬಿಡುತ್ತದೆ. ಸೈಪೈಯ ಬಹುಪಾಲು ಪರೀಕ್ಷೆಗಳೂ ಡಿಫಾಲ್ಟ್ ಆಗಿ ಹಾಗೇ ಮಾಡುತ್ತವೆ. ಪಾಂಡಾಸ್ ಮಾತ್ರ ಖಾಲಿಗಳನ್ನು ದಾಟಿಕೊಂಡು ಉಳಿದವುಗಳ ಸರಾಸರಿ ಕೊಡುತ್ತದೆ. ನ್ಯಾನ್ ಕಂಡರೆ ಹಲವರಿಗೆ ಕಿರಿಕಿರಿ. ನಿಜವಾಗಿ ಅದೇ ಪ್ರಾಮಾಣಿಕ ವರ್ತನೆ, ಏಕೆಂದರೆ ಅದು ನಿಲ್ಲಿಸಿ ಯೋಚಿಸುವಂತೆ ಮಾಡುತ್ತದೆ. ಪಾಂಡಾಸ್‌ನ ಸೌಜನ್ಯದಲ್ಲಿ ಮೂರು ಗುಂಡಿಗಳಿವೆ. ಎಲ್ಲವೂ ಖಾಲಿಯಾಗಿರುವ ಗುಂಪಿನ ಮೊತ್ತವನ್ನು ಅದು 0 ಎನ್ನುತ್ತದೆ, ಅಂದರೆ ಅಳೆಯದೇ ಇದ್ದದ್ದು ಸೊನ್ನೆ ಅಳತೆಯಂತೆ ಕಾಣುತ್ತದೆ. ‘ಮಿನ್-ಕೌಂಟ್’ಗೆ 1 ಕೊಟ್ಟರೆ ಇದು ತಪ್ಪುತ್ತದೆ. ‘ಗ್ರೂಪ್‌ಬೈ’ ಮಾಡುವಾಗ ಗುಂಪಿನ ಹೆಸರು ಖಾಲಿ ಇರುವ ಸಾಲುಗಳು ಬಿಟ್ಟುಹೋಗುತ್ತವೆ, ಹಾಗಾಗಿ ಗುಂಪುಗಳ ಎಣಿಕೆ ಕೂಡಿದರೆ ಒಟ್ಟು ಸಾಲುಗಳಿಗೆ ಸಮ ಬರುವುದಿಲ್ಲ. ಕೋರಿಲೇಷನ್ (ಎರಡು ಕಾಲಂಗಳು ಎಷ್ಟು ಜೊತೆಜೊತೆಯಾಗಿ ಏರಿಳಿಯುತ್ತವೆ ಎಂಬ ಅಳತೆ) ಕೋಷ್ಟಕ ಕೇಳಿದರೆ ಪ್ರತಿ ಜೋಡಿ ಕಾಲಂಗೂ ಬೇರೆ ಬೇರೆ ಸಾಲುಗಳನ್ನು ಬಳಸುತ್ತದೆ. ಒಂದೇ ಕೋಷ್ಟಕದ ಪಕ್ಕಪಕ್ಕದ ಎರಡು ಸಂಖ್ಯೆಗಳ ಹಿಂದೆ ಬೇರೆ ಬೇರೆ ಜನರ ದತ್ತಾಂಶ ಇರಬಹುದು.

ಎರಡು ಕೋಷ್ಟಕಗಳನ್ನು ‘ಮರ್ಜ್’ ಮಾಡಿದ ಮೇಲೂ ಸಾಲುಗಳನ್ನು ಎಣಿಸಲೇಬೇಕು. ಜೋಡಿಸುವ ಕಾಲಂನಲ್ಲಿ ಪುನರಾವರ್ತನೆ ಇದ್ದರೆ ಸಾಲುಗಳು ಹೆಚ್ಚುತ್ತವೆ, ಸ್ಯಾಂಪಲ್ ಹುಸಿಯಾಗಿ ಹಿಗ್ಗುತ್ತದೆ, ಸ್ಟ್ಯಾಂಡರ್ಡ್ ಎರರ್ ಕುಗ್ಗುತ್ತದೆ, ಇಲ್ಲದ ಖಚಿತತೆ ಬರುತ್ತದೆ. ‘ವ್ಯಾಲಿಡೇಟ್’ ಆಯ್ಕೆಯಲ್ಲಿ ‘ಒನ್-ಟು-ಒನ್’ ಎಂದು ಬರೆದರೆ ಪುನರಾವರ್ತನೆ ಕಂಡ ಕೂಡಲೇ ಪಾಂಡಾಸ್ ಎರರ್ ಕೊಡುತ್ತದೆ.

ಎರಡು ಗುಂಪುಗಳ ಹೋಲಿಕೆ

ಒಂದು ಪ್ರೋಗ್ರಾಂನ ಹಳೆಯ ಆವೃತ್ತಿಯನ್ನು 20 ಬಾರಿ, ಹೊಸದನ್ನು 5 ಬಾರಿ ಓಡಿಸಿ ಸಮಯ ಅಳೆದಿದ್ದೇವೆ ಎಂದುಕೊಳ್ಳಿ. ಹಳೆಯದರ ಪ್ರಮಾಣಿತ ವಿಚಲನೆ 4 ಮಿಲಿಸೆಕೆಂಡ್, ಹೊಸದರದ್ದು 16. ಸರಾಸರಿಗಳ ನಡುವಿನ ಅಂತರ 10 ಮಿಲಿಸೆಕೆಂಡ್. ಇದು ನಿಜವಾದ ವ್ಯತ್ಯಾಸವೋ, ಏರಿಳಿತದ ಆಟವೋ?

ಸೈಪೈಯ ‘ಟಿಟೆಸ್ಟ್-ಇಂಡ್’ ಅನ್ನು ಹಾಗೇ ಕರೆದರೆ ಟಿ ಬೆಲೆ (ಅಂತರವು ಅದರ ಸ್ಟ್ಯಾಂಡರ್ಡ್ ಎರರ್‌ನ ಎಷ್ಟು ಪಟ್ಟು ಎಂಬುದು) 2.63, ಪಿ-ಮೌಲ್ಯ ಸುಮಾರು 0.015. ವ್ಯತ್ಯಾಸ ಇದೆ ಎಂದು ಬರೆದುಬಿಡುವಷ್ಟು ಚಿಕ್ಕದು. ಅದೇ ಫಂಕ್ಷನ್‌ಗೆ ‘ಈಕ್ವಲ್-ವಾರ್’ ಫಾಲ್ಸ್ ಎಂದು ಹೇಳಿದರೆ ಟಿ 1.39ಕ್ಕೆ ಇಳಿದು, ಪಿ-ಮೌಲ್ಯ ಸುಮಾರು 0.24ಕ್ಕೆ ಏರುತ್ತದೆ. ತೀರ್ಮಾನವೇ ತಿರುಗಿಹೋಯಿತು.

ಮೊದಲನೆಯದು ಸ್ಟೂಡೆಂಟ್ ಟಿ-ಪರೀಕ್ಷೆ. ಡಬ್ಲಿನ್‌ನ ಗಿನ್ನೆಸ್ ಬ್ರೂವರಿಯಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಗೊಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಪ್ರಕಟಿಸಿದ ಕೆಲಸದಲ್ಲಿ ಅದರ ಬೇರಿದೆ. ಎರಡೂ ಗುಂಪುಗಳ ವೇರಿಯನ್ಸ್ (ಪ್ರಮಾಣಿತ ವಿಚಲನೆಯ ವರ್ಗ) ಸಮ ಎಂದು ಅದು ಮೊದಲೇ ಒಪ್ಪಿಕೊಂಡು, ಎರಡನ್ನೂ ಕಲಸಿ ಒಂದೇ ಅಂದಾಜು ಮಾಡುತ್ತದೆ. ನಮ್ಮ ಉದಾಹರಣೆಯಲ್ಲಿ ಶಾಂತವಾಗಿರುವ 20 ಅಳತೆಗಳು, ಹೊಯ್ದಾಡುವ 5 ಅಳತೆಗಳ ಗದ್ದಲವನ್ನು ಮುಚ್ಚಿಹಾಕುತ್ತವೆ. ಎರಡನೆಯದು ಬರ್ನಾರ್ಡ್ ವೆಲ್ಚ್ 1947ರಲ್ಲಿ ಕೊಟ್ಟ ರೂಪ: ಪ್ರತಿ ಗುಂಪಿನ ವೇರಿಯನ್ಸ್ ಅನ್ನು ಅದರದೇ ಸಂಖ್ಯೆಯಿಂದ ಭಾಗಿಸಿ ಕೂಡುತ್ತದೆ. 16 ಭಾಗಿಸು 20 ಎಂದರೆ 0.8, 256 ಭಾಗಿಸು 5 ಎಂದರೆ 51.2. ಒಟ್ಟು ಅನಿಶ್ಚಿತತೆ ಬಹುಪಾಲು ಆ ಐದು ಅಳತೆಗಳಿಂದಲೇ ಬರುತ್ತಿರುವುದು ಇಲ್ಲಿ ಕಣ್ಣಿಗೆ ಹೊಡೆಯುತ್ತದೆ. ಡಿಗ್ರೀಸ್ ಆಫ್ ಫ್ರೀಡಂ (ಅಂದಾಜಿನ ಹಿಂದಿರುವ ಸ್ವತಂತ್ರ ಮಾಹಿತಿಯ ಎಣಿಕೆ) 23ರಿಂದ ನಾಲ್ಕು ಚಿಲ್ಲರೆಗೆ ಕುಸಿಯುವುದೂ ಅದಕ್ಕೇ.

ಆರ್ ಭಾಷೆಯ ‘ಟಿ.ಟೆಸ್ಟ್’ ಡಿಫಾಲ್ಟ್ ಆಗಿ ವೆಲ್ಚ್ ರೂಪವನ್ನೇ ಬಳಸುತ್ತದೆ. ಹೀಗಾಗಿ ಒಂದೇ ದತ್ತಾಂಶವನ್ನು ಒಬ್ಬರು ಆರ್‌ನಲ್ಲಿ, ಇನ್ನೊಬ್ಬರು ಪೈಥಾನ್‌ನಲ್ಲಿ ಓಡಿಸಿ ಜಗಳಕ್ಕೆ ಬೀಳುವುದುಂಟು. ವೆಲ್ಚ್ ರೂಪವನ್ನೇ ಅಭ್ಯಾಸವಾಗಿ ಇಟ್ಟುಕೊಳ್ಳುವುದು ಒಳ್ಳೆಯದು: ವೇರಿಯನ್ಸ್ ಸಮವಾಗಿದ್ದರೂ ಅದರಿಂದ ಆಗುವ ನಷ್ಟ ಅತ್ಯಲ್ಪ, ಸಮವಲ್ಲದಿದ್ದರೆ ಉಳಿಯುವುದು ಇಡೀ ತೀರ್ಮಾನ. ಮೊದಲು ವೇರಿಯನ್ಸ್ ಸಮವೇ ಎಂದು ಒಂದು ಪರೀಕ್ಷೆ ಮಾಡಿ, ಆಮೇಲೆ ಟಿ-ಪರೀಕ್ಷೆ ಆರಿಸುವ ಪದ್ಧತಿಯನ್ನು ಬಿಟ್ಟುಬಿಡಿ. ಐದು ಅಳತೆಗಳಿಂದ ಅಸಮತೆಯನ್ನು ಹಿಡಿಯುವ ಶಕ್ತಿ ಆ ಮೊದಲ ಪರೀಕ್ಷೆಗೇ ಬಹಳ ಸಲ ಇರುವುದಿಲ್ಲ.

ಜೋಡಿ ಅಳತೆಗಳ ವಿಚಾರ ಇದಕ್ಕಿಂತ ಬೇರೆ. ಐದು ಯಂತ್ರಗಳಲ್ಲಿ ಬದಲಾವಣೆಗೆ ಮುಂಚೆ ಹಿಡಿದ ಸಮಯ 100, 120, 140, 160, 180. ಆಮೇಲೆ ಅದೇ ಯಂತ್ರಗಳಲ್ಲಿ 97, 118, 136, 157, 177. ‘ಟಿಟೆಸ್ಟ್-ಇಂಡ್’ ಕೇಳಿದರೆ ಪಿ-ಮೌಲ್ಯ 0.88, ಏನೂ ಬದಲಾಗಿಲ್ಲ ಎಂಬ ಉತ್ತರ. ‘ಟಿಟೆಸ್ಟ್-ರೆಲ್’ ಕೇಳಿದರೆ 0.001ಕ್ಕಿಂತ ಕಡಿಮೆ. ಪ್ರತಿ ಯಂತ್ರವೂ 2ರಿಂದ 4ರಷ್ಟು ಕಡಿಮೆ ಸಮಯ ತೆಗೆದುಕೊಂಡಿದೆ, ಇದು ಬಹಳ ಸ್ಥಿರವಾದ ಸುಧಾರಣೆ. ಆದರೆ ಯಂತ್ರಯಂತ್ರಗಳ ನಡುವಿನ 80ರ ಅಂತರದಲ್ಲಿ ಮೊದಲ ಪರೀಕ್ಷೆಗೆ ಅದು ಕಾಣುವುದಿಲ್ಲ. ಎರಡನೆಯದು ವ್ಯತ್ಯಾಸಗಳನ್ನು ಮಾತ್ರ ನೋಡುತ್ತದೆ. ಒಂದು ಎಚ್ಚರ: ‘ಟಿಟೆಸ್ಟ್-ರೆಲ್’ ಜೋಡಿ ಕಟ್ಟುವುದು ಸ್ಥಾನದ ಮೇಲೆ. ಪಾಂಡಾಸ್ ಕಾಲಂ ಒಂದನ್ನು ವಿಂಗಡಿಸಿ ಕಳುಹಿಸಿದರೆ ಒಂದು ಯಂತ್ರದ ಹಳೆಯ ಅಳತೆ ಇನ್ನೊಂದರ ಹೊಸ ಅಳತೆಯೊಂದಿಗೆ ಜೋಡಿಯಾಗಬಹುದು, ಎರರ್ ಬರುವುದಿಲ್ಲ. ಎರಡನ್ನೂ ಒಂದೇ ಕೋಷ್ಟಕದ ಎರಡು ಕಾಲಂಗಳಾಗಿ ಇಟ್ಟುಕೊಂಡರೆ ಈ ಅಪಾಯವೇ ಇಲ್ಲ.

ಎರಡಕ್ಕೆರಡು ಮನೆಗಳ ಕೋಷ್ಟಕಕ್ಕೆ ಕೈ-ಸ್ಕ್ವೇರ್ ಪರೀಕ್ಷೆ (ಎರಡು ವರ್ಗೀಕರಣಗಳ ನಡುವೆ ನಂಟಿದೆಯೇ ಎಂದು ನೋಡುವುದು) ಮಾಡುವಾಗಲೂ ಇಂಥದೇ ಒಂದು ಡಿಫಾಲ್ಟ್ ಇದೆ. ಸೈಪೈ ತಾನಾಗಿ ಯೇಟ್ಸ್ ತಿದ್ದುಪಡಿ (ಸಣ್ಣ ಎಣಿಕೆಗಳಿಗಾಗಿ ಮಾಡುವ ಸರಿಪಡಿಕೆ) ಹಾಕುತ್ತದೆ, ಪಿ-ಮೌಲ್ಯ ಸ್ವಲ್ಪ ಹೆಚ್ಚುತ್ತದೆ. ಪಠ್ಯಪುಸ್ತಕದ ಉತ್ತರಕ್ಕೆ ತಾಳೆಯಾಗದಿದ್ದರೆ ಮೊದಲು ‘ಕರೆಕ್ಷನ್’ ಆಯ್ಕೆಯನ್ನು ನೋಡಿ.

ರಿಗ್ರೆಷನ್: ಮರೆತುಹೋಗುವ ಒಂದು ಕಾಲಂ

ಎಕ್ಸ್ ಬೆಲೆಗಳು 1, 2, 3, 4, 5. ವೈ ಬೆಲೆಗಳು 12, 11, 10, 9, 8. ಎಕ್ಸ್ ಒಂದು ಹೆಚ್ಚಿದರೆ ವೈ ಒಂದು ಕಡಿಮೆಯಾಗುತ್ತದೆ ಎಂದು ಮಗುವೂ ಹೇಳುತ್ತದೆ. ಸ್ಟ್ಯಾಟ್ಸ್‌ಮಾಡೆಲ್ಸ್‌ನ ‘ಓಎಲ್‌ಎಸ್’ಗೆ (ಬಿಂದುಗಳಿಗೆ ಅತಿ ಹತ್ತಿರದ ನೇರ ಗೆರೆ ಹುಡುಕುವ ವಿಧಾನಕ್ಕೆ) ಈ ಎರಡು ಸಾಲುಗಳನ್ನು ಹಾಗೇ ಕೊಟ್ಟರೆ ಇಳಿಜಾರು ಧನ 2.545 ಎನ್ನುತ್ತದೆ. ಚಿಹ್ನೆಯೇ ಉಲ್ಟಾ.

ಕಾರಣ, ದೊಡ್ಡಕ್ಷರದ ‘ಓಎಲ್‌ಎಸ್’ ಸ್ಥಿರಪದವನ್ನು (ಎಕ್ಸ್ ಸೊನ್ನೆಯಾದಾಗ ವೈ ಎಷ್ಟು ಎಂಬುದನ್ನು) ತಾನಾಗಿ ಸೇರಿಸುವುದಿಲ್ಲ. ಗೆರೆ ಸೊನ್ನೆ-ಸೊನ್ನೆ ಬಿಂದುವಿನ ಮೂಲಕವೇ ಹಾಯಬೇಕೆಂಬ ಕಟ್ಟುಪಾಡಿನಲ್ಲಿ ಅದು ಬಿಂದುಗಳನ್ನು ಮುಟ್ಟಲು ಮೇಲಕ್ಕೇ ಏರಬೇಕಾಗುತ್ತದೆ. ಇನ್ನೂ ಮೋಸದ ಸಂಗತಿ ಎಂದರೆ ಈ ಕೆಟ್ಟ ಗೆರೆಗೂ ಆರ್-ಸ್ಕ್ವೇರ್ (ಗೆರೆ ದತ್ತಾಂಶಕ್ಕೆ ಎಷ್ಟು ಹೊಂದುತ್ತದೆ ಎಂಬ ಅಳತೆ, ಪೂರ್ತಿ ಹೊಂದಿದರೆ 1) 0.70 ತೋರಿಸುತ್ತದೆ. ಸ್ಥಿರಪದ ಇಲ್ಲದಿದ್ದಾಗ ಆರ್-ಸ್ಕ್ವೇರ್‌ನ ವ್ಯಾಖ್ಯೆ ಬದಲಾಗಿ, ಸರಾಸರಿಯ ಬದಲು ಸೊನ್ನೆಗೆ ಹೋಲಿಸಲಾಗುತ್ತದೆ. ಸಾರಾಂಶದ ಕೋಷ್ಟಕದಲ್ಲಿ ಅದರ ಪಕ್ಕ ‘ಅನ್‌ಸೆಂಟರ್ಡ್’ ಎಂಬ ಪದ ಕಾಣುತ್ತದೆ. ಆ ಪದ ಕಂಡರೆ ಸ್ಥಿರಪದ ಬಿಟ್ಟುಹೋಗಿದೆ ಎಂದು ತಿಳಿಯಿರಿ. ‘ಆ್ಯಡ್-ಕಾನ್‌ಸ್ಟಂಟ್’ ಫಂಕ್ಷನ್‌ನಿಂದ ಒಂದುಗಳ ಕಾಲಂ ಸೇರಿಸಿದರೆ ಸ್ಥಿರಪದ 13, ಇಳಿಜಾರು ಋಣ 1 ಎಂದು ಸರಿಯಾಗಿ ಬರುತ್ತದೆ. ಸೂತ್ರ ಬರೆದು ಕರೆಯುವ ಸಣ್ಣಕ್ಷರದ ‘ಓಎಲ್‌ಎಸ್’ ಇದನ್ನು ತಾನೇ ಸೇರಿಸಿಕೊಳ್ಳುತ್ತದೆ. ಹೊಸಬರು ಸೂತ್ರದ ದಾರಿಯಲ್ಲೇ ಹೋಗುವುದು ಲೇಸು.

ಸೂತ್ರದ ದಾರಿಯಲ್ಲಿ ಎರಡು ಸಂಗತಿ ನೆನಪಿರಲಿ. ವಲಯಗಳಿಗೆ 1, 2, 3 ಎಂದು ಸಂಕೇತ ಕೊಟ್ಟಿದ್ದರೆ ಅದನ್ನು ‘ಸಿ’ ಎಂಬ ಆವರಣದೊಳಗೆ ಹಾಕಬೇಕು. ಇಲ್ಲದಿದ್ದರೆ ಮೂರನೇ ವಲಯ ಒಂದನೆಯದರ ಮೂರು ಪಟ್ಟು ಎಂಬಂತೆ ಲೆಕ್ಕ ನಡೆಯುತ್ತದೆ. ಖಾಲಿ ಮನೆ ಇರುವ ಸಾಲುಗಳನ್ನು ಅದು ಬಿಟ್ಟುಬಿಡುತ್ತದೆ, ಆದ್ದರಿಂದ ಸಾರಾಂಶದಲ್ಲಿರುವ ಅವಲೋಕನಗಳ ಸಂಖ್ಯೆಯನ್ನು ನಿಮ್ಮ ಸಾಲುಗಳ ಸಂಖ್ಯೆಗೆ ತಾಳೆ ನೋಡಿ.

ಹೌದು-ಇಲ್ಲ ಎಂಬಂಥ ಉತ್ತರಗಳಿಗೆ ಬಳಸುವ ಲಾಜಿಸ್ಟಿಕ್ ರಿಗ್ರೆಷನ್‌ನಲ್ಲಿ ಸೈಕಿಟ್-ಲರ್ನ್ ಮತ್ತು ಸ್ಟ್ಯಾಟ್ಸ್‌ಮಾಡೆಲ್ಸ್ ಬೇರೆ ಬೇರೆ ಗುಣಾಂಕ ಕೊಟ್ಟರೆ ಗಾಬರಿಯಾಗಬೇಡಿ. ಸೈಕಿಟ್-ಲರ್ನ್ ಡಿಫಾಲ್ಟ್ ಆಗಿ ದೊಡ್ಡ ಗುಣಾಂಕಗಳಿಗೆ ದಂಡ ಹಾಕಿ ಅವನ್ನು ಸೊನ್ನೆಯ ಕಡೆಗೆ ಎಳೆಯುತ್ತದೆ. ಮುನ್ಸೂಚನೆಗೆ ಅದು ಹಿತ, ಪ್ರಭಾವವನ್ನು ಅಳೆದು ಹೇಳುವುದಕ್ಕೆ ಅಲ್ಲ.

ಮಾದರಿ ಕಟ್ಟುವ ಮೊದಲು ಚುಕ್ಕೆಚಿತ್ರ ಬರೆಯಿರಿ. ಫ್ರಾನ್ಸಿಸ್ ಆನ್‌ಸ್ಕೋಂಬ್ 1973ರಲ್ಲಿ ತೋರಿಸಿದ ನಾಲ್ಕು ದತ್ತಾಂಶಗಳಲ್ಲೂ 11 ಬಿಂದುಗಳು, ಎಕ್ಸ್ ಸರಾಸರಿ 9, ವೈ ಸರಾಸರಿ 7.50, ಕೋರಿಲೇಷನ್ 0.816. ಚಿತ್ರ ಬರೆದರೆ ಒಂದು ಸಾಧಾರಣ ಚದುರಿಕೆ, ಒಂದು ವಕ್ರರೇಖೆ, ಒಂದು ನೇರ ಗೆರೆ ಮತ್ತು ಹೊರಗುಳಿದ ಒಂದು ಬಿಂದು, ಇನ್ನೊಂದು ಒಂದೇ ಬಿಂದುವಿನ ಬಲದಿಂದ ನಿಂತ ಗೆರೆ.

ವಿತರಣೆಗಳು, ಬಾಲಗಳು, ಹಲವು ಪರೀಕ್ಷೆಗಳು

ನಾರ್ಮಲ್‌ನಂಥ ನಿರಂತರ ವಿತರಣೆಗಳಿಗೆ ಸೈಪೈಯಲ್ಲಿ ‘ಲೋಕ್’ ಮತ್ತು ‘ಸ್ಕೇಲ್’ ಎಂಬ ಎರಡು ಬೆಲೆಗಳನ್ನು ಕೊಡಬಹುದು. ನಾರ್ಮಲ್ ವಿತರಣೆಗೆ ಸ್ಕೇಲ್ ಎಂದರೆ ಪ್ರಮಾಣಿತ ವಿಚಲನೆ, ವೇರಿಯನ್ಸ್ ಅಲ್ಲ. ವೇರಿಯನ್ಸ್ 225 ಆಗಿದ್ದರೆ ಕೊಡಬೇಕಾದ್ದು 15. ಎಕ್ಸ್‌ಪೊನೆನ್ಷಿಯಲ್‌ಗೆ ಸ್ಕೇಲ್ ಎಂದರೆ ಸರಾಸರಿ, ದರವಲ್ಲ, ನಿಮಿಷಕ್ಕೆ 0.2 ಘಟನೆ ಎಂದಾದರೆ ಸ್ಕೇಲ್ 5. ಹೊಸ ವಿತರಣೆ ಬಳಸುವಾಗ ಮೊದಲು ಅದರ ‘ಮೀನ್’ ಕೇಳಿ, ನಿರೀಕ್ಷಿಸಿದ ಸಂಖ್ಯೆ ಬಂದರೆ ಮುಂದೆ ಹೋಗಿ.

ಬಾಲದ (ಒಂದು ಬೆಲೆಗಿಂತ ಆಚೆಗಿನ) ಸಂಭವನೀಯತೆ ಬೇಕಾದಾಗ ಒಂದರಿಂದ ‘ಸಿಡಿಎಫ್’ (ಆ ಬೆಲೆಯವರೆಗಿನ ಒಟ್ಟು ಸಂಭವನೀಯತೆ) ಕಳೆಯಬೇಡಿ. ಸರಾಸರಿ 0, ಪ್ರಮಾಣಿತ ವಿಚಲನೆ 1 ಇರುವ ನಾರ್ಮಲ್ ವಿತರಣೆಯಲ್ಲಿ 10ರ ಬಳಿ ಸಿಡಿಎಫ್ ಕಂಪ್ಯೂಟರ್‌ಗೆ ಸರಿಯಾಗಿ 1 ಆಗಿಬಿಟ್ಟಿರುತ್ತದೆ, ಏಕೆಂದರೆ ಡಬಲ್ ಸಂಖ್ಯೆಯಲ್ಲಿ ಉಳಿಯುವುದು ಹದಿನಾರರಷ್ಟು ಅಂಕಿ. ಕಳೆದರೆ ಸೊನ್ನೆ. ‘ಎಸ್‌ಎಫ್’ ಫಂಕ್ಷನ್ ಕೇಳಿದರೆ ಸುಮಾರು 7.6 × 10⁻²⁴ ಎಂಬ ಸರಿ ಉತ್ತರ ಸಿಗುತ್ತದೆ.

ಲೈಬ್ರರಿಯಲ್ಲಿ ಒಂದು ಲೂಪ್ ಬರೆದು ಇಪ್ಪತ್ತು ಕಾಲಂಗಳಿಗೂ ಟಿ-ಪರೀಕ್ಷೆ ಓಡಿಸುವುದು ಎರಡು ಸಾಲಿನ ಕೆಲಸ. ಎಲ್ಲಿಯೂ ವ್ಯತ್ಯಾಸವಿಲ್ಲದಿದ್ದರೂ, ಪರೀಕ್ಷೆಗಳು ಸ್ವತಂತ್ರವಾಗಿದ್ದರೆ, ಕನಿಷ್ಠ ಒಂದಾದರೂ 0.05ಕ್ಕಿಂತ ಕೆಳಗೆ ಬರುವ ಸಾಧ್ಯತೆ ಶೇ. 64. ಇದಕ್ಕೆ ಸ್ಟ್ಯಾಟ್ಸ್‌ಮಾಡೆಲ್ಸ್‌ನಲ್ಲಿ ‘ಮಲ್ಟಿಪಲ್‌ಟೆಸ್ಟ್ಸ್’ ಇದೆ. ಅದರ ‘ಮೆಥಡ್’ ಆಯ್ಕೆಯಲ್ಲಿ ‘ಎಫ್‌ಡಿಆರ್-ಬಿಎಚ್’ ಎಂದು ಬರೆದರೆ ಬೆಂಜಮಿನಿ ಮತ್ತು ಹಾಕ್‌ಬರ್ಗ್ 1995ರಲ್ಲಿ ಕೊಟ್ಟ, ಹುಸಿ ಪತ್ತೆಗಳ ಪಾಲನ್ನು ಹಿಡಿತದಲ್ಲಿಡುವ ವಿಧಾನ. ಓಡಿಸಿದ ಎಲ್ಲ ಪಿ-ಮೌಲ್ಯಗಳನ್ನೂ ಅದಕ್ಕೆ ಕೊಡಬೇಕು. ಚಿಕ್ಕವನ್ನು ಮಾತ್ರ ಆರಿಸಿ ಕೊಟ್ಟರೆ ತಿದ್ದುಪಡಿಗೆ ಅರ್ಥವಿಲ್ಲ.

ಉತ್ತರ ಗೊತ್ತಿರುವ ಪ್ರಶ್ನೆ ಕೇಳಿ ನೋಡುವುದು

ಇಷ್ಟೆಲ್ಲ ಡಿಫಾಲ್ಟ್‌ಗಳನ್ನು ನೆನಪಿಟ್ಟುಕೊಳ್ಳಲಾಗದು, ಅವು ಆವೃತ್ತಿಯಿಂದ ಆವೃತ್ತಿಗೆ ಬದಲಾಗುವುದೂ ಉಂಟು. ನೆನಪಿಗಿಂತ ನಂಬಿಕಸ್ತವಾದದ್ದು ಸಿಮ್ಯುಲೇಷನ್, ಅಂದರೆ ಉತ್ತರ ಗೊತ್ತಿರುವ ಕೃತಕ ದತ್ತಾಂಶ ಹುಟ್ಟಿಸಿ ನೋಡುವುದು. ನಂಪೈಯ ‘ಡಿಫಾಲ್ಟ್-ಆರ್‌ಎನ್‌ಜಿ’ಗೆ ಒಂದು ಬೀಜಸಂಖ್ಯೆ (ಆರಂಭದ ಸಂಖ್ಯೆ) ಕೊಟ್ಟು, ಯಾದೃಚ್ಛಿಕ ಸಂಖ್ಯೆಗಳನ್ನು ಹುಟ್ಟಿಸುವ ಜನರೇಟರ್ ಮಾಡಿಕೊಳ್ಳಿ, ಬೀಜ ಅದೇ ಇದ್ದರೆ ನಾಳೆಯೂ ಅದೇ ಸಂಖ್ಯೆಗಳು ಬರುತ್ತವೆ. ಜೊತೆಗೆ ಲೈಬ್ರರಿಗಳ ಆವೃತ್ತಿ ಸಂಖ್ಯೆಗಳನ್ನು ಒಂದು ಫೈಲ್‌ನಲ್ಲಿ ಬರೆದಿಡಿ. ಬೀಜವನ್ನು ಲೂಪ್‌ನ ಹೊರಗೆ ಒಮ್ಮೆ ಮಾತ್ರ ಕೊಡಬೇಕು, ಒಳಗೆ ಕೊಟ್ಟರೆ ಪ್ರತಿ ಸುತ್ತಿನಲ್ಲೂ ಅದೇ ದತ್ತಾಂಶ ಹುಟ್ಟುತ್ತದೆ.

ಈಗ ಮೇಲಿನ ಟಿ-ಪರೀಕ್ಷೆಯ ಉದಾಹರಣೆಗೆ ಮರಳಿ. ಸರಾಸರಿ ಎರಡಕ್ಕೂ 100 ಇಟ್ಟು, ಪ್ರಮಾಣಿತ ವಿಚಲನೆ 4 ಇರುವ 20 ಸಂಖ್ಯೆ, 16 ಇರುವ 5 ಸಂಖ್ಯೆ ಹುಟ್ಟಿಸಿ. ಎರಡರ ನಡುವೆ ವ್ಯತ್ಯಾಸವಿಲ್ಲ ಎಂಬುದು ಇಲ್ಲಿ ನಮಗೆ ಮೊದಲೇ ಗೊತ್ತು. ಪರೀಕ್ಷೆ ಓಡಿಸಿ, ಪಿ-ಮೌಲ್ಯ 0.05ಕ್ಕಿಂತ ಕಡಿಮೆಯೇ ಎಂದು ಗುರುತು ಹಾಕಿ, ಇದನ್ನು 10,000 ಬಾರಿ ಮಾಡಿ. ಪರೀಕ್ಷೆ ಹೇಳಿದ ಮಾತಿಗೆ ನಿಂತರೆ ಗುರುತುಗಳು 500ರ ಆಸುಪಾಸಿನಲ್ಲಿರಬೇಕು. ವೆಲ್ಚ್ ರೂಪ ಅದರ ಸಮೀಪದಲ್ಲೇ ನಿಲ್ಲುತ್ತದೆ. ಡಿಫಾಲ್ಟ್ ರೂಪ ಅದರ ಹಲವು ಪಟ್ಟು ಎಣಿಸುತ್ತದೆ. ಗುಂಪುಗಳ ಗಾತ್ರವನ್ನು 20, 20 ಎಂದು ಸಮ ಮಾಡಿ ಮತ್ತೆ ಓಡಿಸಿ, ಎರಡೂ ಹತ್ತಿರ ಬರುತ್ತವೆ. ಆಮೇಲೆ ಹೆಚ್ಚು ಹೊಯ್ದಾಡುವ ಗುಂಪಿಗೆ 20, ಶಾಂತ ಗುಂಪಿಗೆ 5 ಕೊಟ್ಟು ನೋಡಿ. ಈ ಬಾರಿ ಡಿಫಾಲ್ಟ್ ರೂಪದ ಗುರುತುಗಳು 500ಕ್ಕಿಂತ ಬಹಳ ಕೆಳಗೆ ಬೀಳುತ್ತವೆ: ನಿಜವಾದ ವ್ಯತ್ಯಾಸ ಇದ್ದಾಗಲೂ ಅದು ಬಾಯಿಬಿಡದು. ಒಂದೇ ಪರೀಕ್ಷೆ ಗಾತ್ರ ಯಾವ ಕಡೆ ವಾಲಿದೆ ಎಂಬುದರ ಮೇಲೆ ಒಮ್ಮೆ ಅತಿಯಾಗಿ ಕೂಗುತ್ತದೆ, ಒಮ್ಮೆ ಮೌನವಾಗುತ್ತದೆ.